ಹಾಡ್ಯಾಡಿ ಅತ್ತದ್ದು

ಕಂಡಕ್ಟರ್ ಕೆಟ್ಟವನಲ್ಲ, ಕರುಣೆಯಿಂದಲೇ ಹಾಗೆ ಅಂದದ್ದು ಎಂದು ಕಸ್ತೂರಿಬಾಯಿಗೆ ಗೊತ್ತಿತ್ತು. ಆ ಕರುಣೆ ಕಂಡೇ ಅವಳ ಮೈ ಉರಿದದ್ದು. ಈ ದಾರಿಗೆ ಅವನು ಹೊಸಬ. ಬಸ್ಸು ಕಮಲಾಪುರ ದಾಟುತ್ತಲೇ ಚೀಲ ಹಿಡಿದು ಬಂದವನು, ಕಿಟಕಿಗೆ ಒರಗಿ ಕೂತಿದ್ದ ಮಗಳು ಸಂಗಮ್ಮನ ಸಣ್ಣ ಕಣ್ಣು, ಚಪ್ಪಟೆ ಮೂಗು, ನೆಲಕ್ಕೆ ಮುಟ್ಟದೆ ಜೋತಾಡುವ ಕಾಲು ಎಲ್ಲವನ್ನೂ ಒಂದೇ ಸಲ ನೋಡಿ, ದನಿ ತಗ್ಗಿಸಿ, "ಇಕೀಗಿ ಅರ್ಧ ಟಿಕೇಟ ಸಾಕ್ರಿ ಅಕ್ಕಾ. ಯಾರೂ ಕೇಳಂಗಿಲ್ಲ" ಅಂದ.

"ಪೂರಾ ಕೊಡು."

"ಇರ್ಲಿ ತಗೋರಿ, ಪಾಪ..."

"ಯಾರ ಪಾಪ? ನಿಂದೇನು ನಂದೇನು? ಮದುವಿ ವಯಸ್ಸಿನ ಹೆಣ್ಮಗಳು ಇದ್ದಾಳ. ಪೂರಾ ಹರಿ."

ಕಂಡಕ್ಟರ್ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಪೂರಾ ಹರಿದುಕೊಟ್ಟ. ಸಂಗೂ ಕೈ ಚಾಚಿ ತನ್ನದನ್ನು ತಾನೇ ಇಸಿದುಕೊಂಡು, ಮಡಿಚಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಮುಂದಿನ ಸೀಟಿನ ಹೆಂಗಸೊಬ್ಬಳು ಹೊರಳಿ ಸಂಗೂನನ್ನೇ ನೋಡತೊಡಗಿದಳು. ಕಸ್ತೂರಿಬಾಯಿಯೂ ಅವಳನ್ನೇ ನೋಡಿದಳು, ರೆಪ್ಪೆ ಹೊಡೆಯದೆ, ಆ ಹೆಂಗಸು ಕುತ್ತಿಗೆ ಹೊರಳಿಸುವ ತನಕ. ಈ ಕುಸ್ತಿಯಲ್ಲಿ ಅವಳು ಸೋತದ್ದೇ ಇಲ್ಲ. ಬೀಗರ ಮನೆಯ ಮದುವೆಯಲ್ಲಿ, ದವಾಖಾನೆಯ ಬೆಂಚಿನ ಮೇಲೆ, ಸಾಲಿಯ ಬಾಗಿಲಲ್ಲಿ, ಎಲ್ಲ ಕಡೆ ಗೆದ್ದಿದ್ದಳು. ಗೆದ್ದು ಮನೆಗೆ ಬಂದು ಬಡಿದ ರೊಟ್ಟಿ ಮಾತ್ರ ಒಂದೂ ಹರಿಯದೆ ಏಳುತ್ತಿರಲಿಲ್ಲ. ಆಗ ಅತ್ತೆ ಒಲೆಯ ಮುಂದಿನಿಂದ ಅವಳನ್ನು ಎಬ್ಬಿಸಿ ತಾನೇ ಕೂಡುತ್ತಿದ್ದಳು. "ಮಂದೀಗಿ ಕಣ್ಣ ಕೊಟ್ಟಾನ ಶಿವ, ನೋಡ್ತಾರ. ನೀ ಯಾಕ ರೊಟ್ಟಿ ಹರೀತಿ?"

ಆದರೆ ಇವತ್ತು ಅವಳನ್ನು ಕೊರೆಯುತ್ತಿದ್ದದ್ದು ಕಂಡಕ್ಟರನ ಮಾತಲ್ಲ. ಪುಣೆಯಲ್ಲಿ ಸಿನಿಮಾ ಕಲಿತು ಬಂದ ಗಾಜಿಪುರ ಓಣಿಯ ಹುಡುಗ ವಾಸುದೇವ ತೆಗೆದ ಸಿನಿಮಾ ಇವತ್ತು ಕಲಬುರಗಿಯಲ್ಲಿ, ಸೇಡಂ ರಸ್ತೆಯ ಒಂದು ಸಭಾಭವನದಲ್ಲಿ ತೋರಿಸುವವರಿದ್ದರು. ಸಂಗೂನ ಸಿನಿಮಾ. ಮುಂದಿನ ತಿಂಗಳು ಅದು ಟಿವಿಯಲ್ಲಿ ಬರುವುದಿತ್ತು. ಕರೆಯಲು ಬಂದ ದಿನ ವಾಸುದೇವ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಗಂಡ ಗುರುಲಿಂಗಪ್ಪನಿಗೆ, "ನಿಮ್ಮ ಮನಿಯವರು ಏನು ಮಾತಾಡ್ಯಾರ್ರೀ! ಪುಣೆದಾಗ ನನ್ನ ಮಾಸ್ತರ್‌ಗೆ ತೋರಿಸಿದೆ, ಅವರಿಗೆ ಕನ್ನಡ ಬರಂಗಿಲ್ಲ, ಆದ್ರೂ ಕಣ್ಣಾಗ ನೀರು ಬಂತು" ಅಂದಿದ್ದ. ಗುರುಲಿಂಗಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಟಿವಿ ಇದ್ದ ಮನೆಯವರೆಲ್ಲ ಆ ದಿನ ಅಂಗಳದಲ್ಲಿ ಚಾಪೆ ಹಾಸುತ್ತೇವೆ ಅಂದರು. ಕಸ್ತೂರಿಬಾಯಿ ಮಾತ್ರ ಅಂದಿನಿಂದ ತನ್ನ ನೆನಪನ್ನು ಕೆದರುತ್ತಲೇ ಇದ್ದಳು. ಆ ಕ್ಯಾಮರಾದ ಮುಂದೆ ನಾನು ಮಾತಾಡಿದ್ದು ಯಾವಾಗ? ವಾಸುದೇವ "ಹೇಳ್ರಿ ಅಕ್ಕಾರ, ಇಕೀನ ಹಡೆದಾಗ ನಿಮಗ ಏನನ್ನಿಸ್ತು?" ಎಂದು ಕೇಳಿದಾಗ ಬಾಯಿಗೆ ಸೆರಗು ಇಟ್ಟುಕೊಂಡು "ಏನನ್ನಸ್ತದರಿ, ನೋವನ್ನಿಸ್ತು" ಅಂದದ್ದು ನೆನಪಿತ್ತು. ಕ್ಯಾಮರಾದ ಹುಡುಗರು ನಕ್ಕಿದ್ದರು. ಅದು ಬಿಟ್ಟರೆ ಒಂದು ಮಾತೂ ಇಲ್ಲ. ಆಡದ ಮಾತಿಗೆ ಪುಣೆಯ ಮಾಸ್ತರ ಅತ್ತದ್ದು ಹೇಗೆ?

ಬಸ್ಸು ಏರು ಹತ್ತುವಾಗ ಸಂಗೂ ಅವಳ ತೊಡೆ ತಿವಿದು, "ಅವ್ವಾ, ಸಿನಿಮಾದಾಗ ನಾ ಮಾರ್ತೀನೇನು?" ಎಂದು ಕೇಳಿದಳು. ಸಂಗೂನ ನಾಲಿಗೆ ದಪ್ಪ, ಮಾತು ಬಾಯಿಯೊಳಗೇ ಸುತ್ತಿ ಹೊರಗೆ ಬರುತ್ತದೆ. ಹೊರಗಿನವರಿಗೆ ಅದು ಬರೀ ಗುಡುಗುಡು. ಮನೆಯವರಿಗೆ ಎಲ್ಲ ತಿಳಿಯುತ್ತದೆ.

"ಮಾರ್ತಿ, ಮಾರ್ತಿ."

ಮಾರುವುದೆಂದರೆ ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆಯ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಸಂಗೂ ಬಸ್ಸಿನ ಕಿಟಕಿ ಕಿಟಕಿಗೆ ಹೋಗುತ್ತಾಳೆ. ಕಿಟಕಿ ಎತ್ತರ, ಇವಳು ಗಿಡ್ಡಿ; ಎರಡು ಕೈಯಲ್ಲಿ ಹಣ್ಣಿನ ಚಿಪ್ಪು ಎತ್ತಿ ಹಿಡಿದು ಕೂಗುತ್ತಾಳೆ. ಯಾರಾದರೂ ಹಿಚುಕಿ ನೋಡಿ ತಿರುಗಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. "ಹಿಚಗೀದಿ, ನಿಂದು" ಎಂದು ನಿಂತುಬಿಡುತ್ತಾಳೆ, ಬಸ್ಸು ಹೊರಟರೂ ಜೊತೆಗೆ ಓಡುತ್ತಾಳೆ. ವಾಸುದೇವನ ಹುಡುಗರು ಅದನ್ನೆಲ್ಲ ತೆಗೆದಿದ್ದರು. ಒಂದು ಸಲ ಅವಳ ಹಿಂದೆ ಕ್ಯಾಮರಾ ಹೊತ್ತುಕೊಂಡು ಓಡಿ ಓಡಿ ಒಬ್ಬ ಗಟಾರದಲ್ಲಿ ಕಾಲು ಇಟ್ಟಿದ್ದ.

ಅವರು ಮೊದಲ ಸಲ ಬಂದಾಗ ಅತ್ತೆ ಸತ್ತು ಇನ್ನೂ ಮಣ್ಣು ಹಸಿ ಇತ್ತು. ಬರುವ ದಿನ ಮೊದಲೇ ಗೊತ್ತುಮಾಡಿದ್ದರಿಂದ ಗುರುಲಿಂಗಪ್ಪ ಬೇಡ ಅನ್ನಲಿಲ್ಲ. ಸೂತಕದ ಮನೆ, ಬಂದುಹೋಗುವ ಹೆಣ್ಣುಮಕ್ಕಳು, ಮೂಲೆಯಲ್ಲಿ ಅತ್ತೆಯ ಖಾಲಿ ಹಾಸಿಗೆ, ಅದರ ಮೇಲೆ ಹತ್ತಿ ಕೂತು ಯಾರಿಗೂ ಮುಟ್ಟಗೊಡದ ಸಂಗೂ. ಅತ್ತೆ ಅವಳನ್ನು ಸಾಕಿದ್ದಳು ಅಂದರೆ ಸಾಲದು. ಹಡೆದ ದಿನ ಸೂಲಗಿತ್ತಿ ಕೂಸಿನ ಮುಖ ನೋಡಿ ಸುಮ್ಮನಾದದ್ದು, ಆ ಸುಮ್ಮನಿರುವಿಕೆ ಕೇಳಿ ಕಸ್ತೂರಿಬಾಯಿ ಗೋಡೆಯ ಕಡೆ ಹೊರಳಿ ಮಲಗಿದ್ದು, ಕೂಸು ಅತ್ತು ಅತ್ತು ದನಿ ಬತ್ತಿದರೂ ಹೊರಳದೆ ಇದ್ದದ್ದು. ಆಗ ಅತ್ತೆ ಬಂದು, ಬಾಯಿಗೆ ಬಂದಂತೆ ಬೈದು, ಅವಳ ಕುಪ್ಪಸ ತಾನೇ ಬಿಚ್ಚಿ ಕೂಸಿನ ಬಾಯಿಗೆ ಮೊಲೆ ಕೊಟ್ಟಿದ್ದಳು. ಸೇಡಂ ರಸ್ತೆಯ ದೊಡ್ಡ ಡಾಕ್ಟರ್ ಇಂಗ್ಲಿಷಿನ ಹೆಸರು ಹೇಳಿ, ಇಂಥವು ಬಹಳ ದಿನ ಬಾಳುವುದಿಲ್ಲ ಅಂದಾಗ ಅತ್ತೆ, "ನಿಮ್ಮ ಆಯುಷ್ಯ ಎಷ್ಟದ ಹೇಳ್ರಿ ನೋಡೋಣ, ಡಾಕ್ಟರ್‌ಸಾಬ್" ಎಂದು ಕೇಳಿದ್ದಳು. ಸಂಗೂನಿಗೆ ಒಂದು ಸಲ ಜ್ವರ ತಲೆಗೇರಿ, ಕಣ್ಣು ಬಿಳಿ ಮಾಡಿ ಮಲಗಿದಾಗ, ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದ ಕಸ್ತೂರಿಬಾಯಿಯ ಮನಸ್ಸಿನಲ್ಲಿ, ಹೋದರೆ ಹೋಗಲಿ, ಪಾರಾಗಲಿ ಎಂಬ ಮಾತು ಒಂದು ಬಂದು ಹೋಯಿತು. ಬಂದು ಹೋಯಿತು ಅಷ್ಟೆ. ಆದರೆ ಬಂದದ್ದು ಖರೆ. ಆ ಮಾತು ಅತ್ತೆಗೆ ಕೇಳಿಸಿತು ಎಂದೇ ಅವಳಿಗೆ ಇವತ್ತಿಗೂ ಅನ್ನಿಸುತ್ತದೆ, ಯಾಕೆಂದರೆ ಮುದುಕಿ ಆವಾಗ ಎದ್ದು ಬಂದು ಬಟ್ಟೆಯನ್ನು ಅವಳ ಕೈಯಿಂದ ಕಸಿದುಕೊಂಡಿದ್ದಳು.

ಸಭಾಭವನದ ಬಾಗಿಲಲ್ಲಿ ವಾಸುದೇವನ ತಾಯಿ ಇಂದೂಬಾಯಿ ನಿಂತಿದ್ದಳು. ಮಹಿಳಾ ಮಂಡಳದ ಅಧ್ಯಕ್ಷೆ, ಕಾರ್ಯಕ್ರಮ ಅವರದೇ. ಒಂಬತ್ತುವಾರಿ ಸೀರೆ, ದೊಡ್ಡ ಕುಂಕುಮ, ಮಗನ ಸಂಭ್ರಮದಲ್ಲಿ ಬೆವತ ಮುಖ. "ಬರ್ರಿ ಬರ್ರಿ, ಕಸ್ತೂರಿಬಾಯಿ. ಇಕೀನೇ ಏನು? ಅಯ್ಯ ನಮ್ಮವ್ವ, ಎಷ್ಟು ಮುಗ್ಧ ಮಾರಿ! ದೇವರ ಮಕ್ಕಳಿವು." ಸಂಗೂನ ಗಲ್ಲ ಹಿಡಿದು ಅಲ್ಲಾಡಿಸಿ, ಅವಳ ತಲೆಯ ಮೇಲಿಂದ ಕಸ್ತೂರಿಬಾಯಿಯನ್ನು ಕೇಳಿದಳು: "ಏನು ತಿಂತಾಳಿಕಿ? ಬಿಸ್ಕೀಟು ಕೊಡ್ಲೇನು?"

"ಭಜಿ" ಅಂದಳು ಸಂಗೂ.

"ಏನಂತಾಳ?"

"ಭಜಿ ಕೇಳಾಕತ್ತಾಳ್ರಿ."

"ಮಿರ್ಚಿ ಭಜಿ" ಎಂದು ಸಂಗೂ ತಿದ್ದಿದಳು. ಇಂದೂಬಾಯಿ ನಕ್ಕು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಆ ಕಣ್ಣೀರು ಯಾತಕ್ಕೆಂದು ಕಸ್ತೂರಿಬಾಯಿಗೆ ತಿಳಿಯಲಿಲ್ಲ. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ ಅವರನ್ನು ಕೂಡಿಸಿದರು. ಸಂಗೂನ ಕೊರಳಿಗೆ ಒಂದು ಹಾರ ಬಿತ್ತು. ಕುರ್ಚಿಯ ತುದಿಗೆ ಕೂತ ಕಸ್ತೂರಿಬಾಯಿ ತನ್ನ ಹಿಮ್ಮಡಿಯ ಬಿರುಕನ್ನು ಸೀರೆಯ ಕೆಳಗೆ ಎಳೆದುಕೊಂಡಳು. ಎಳೆದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು ಕಾಲು ಮತ್ತೆ ಮುಂದೆ ಚಾಚಿದಳು. ಹಿಂದೆ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ವೈರು ಜೋಡಿಸುತ್ತಿದ್ದವನು ಗಂಜ್ ಪೇಟೆಯ ಕಡೆ ವಿಡಿಯೋ ಅಂಗಡಿ ಇಟ್ಟಿದ್ದ ಸಲಾವುದ್ದೀನ್. ಕಲಬುರಗಿಯ ಅರ್ಧ ಮದುವೆಗಳನ್ನು ಕ್ಯಾಸೆಟ್ಟಿಗೆ ಇಳಿಸಿದವನು. ಸಂಗೂ ಹೊರಳಿ ಹೊರಳಿ ಅವನ ಯಂತ್ರವನ್ನೇ ನೋಡುತ್ತಿದ್ದುದು ಕಂಡು, "ಏನ್ ಬೇಟೀ, ಹೀರೋಯಿನ್ ನೀನೇ ಏನು? ನಮಗೂ ಒಂದ್ ಸಲಾಮ್ ಹೊಡೀ" ಅಂದ. ಸಂಗೂ ಹಾರ ಎತ್ತಿ ತೋರಿಸಿದಳು.

ದೀಪ ಆರಿಸಿ ಮೊದಲು ಯಾವುದೋ ಪರದೇಶದ ಸಿನಿಮಾ ತೋರಿಸಿದರು. ಬಿಳಿ ಹುಡುಗನೊಬ್ಬ ಬ್ರೆಡ್ಡಿನ ಭಟ್ಟಿಯಲ್ಲಿ ಹಿಟ್ಟು ನಾದುತ್ತಿದ್ದ. ಅವನು ಕ್ಯಾಮರಾದ ಕಡೆ ಮುಖ ತಿರುಗಿಸಿದ್ದೇ ತಡ, ಕಸ್ತೂರಿಬಾಯಿ ಕುರ್ಚಿಯ ಅಂಚು ಹಿಡಿದು ಮುಂದೆ ಬಾಗಿದಳು. ಅದೇ ಕಣ್ಣು. ಅದೇ ಮೂಗು, ಅದೇ ಮೋಟು ಬೆರಳು, ನಕ್ಕರೆ ಮೂಗಿನ ಮೇಲೆ ಬೀಳುವ ಅದೇ ನಿರಿಗೆ. ಬಣ್ಣ ಒಂದು ಬಿಟ್ಟರೆ ಸಂಗೂನ ಒಡಹುಟ್ಟಿದವನು. ಇಷ್ಟು ವರ್ಷ ಈ ಮುಖ ತನ್ನ ಹೊಟ್ಟೆಯಿಂದ ಬಂದ ತಪ್ಪು, ತಾನು ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೋ ತವರಿನವರ ಯಾವುದೋ ಕರ್ಮಕ್ಕೋ ಬಂದದ್ದು ಎಂದು ಮಂದಿ ಹೇಳಿದ್ದನ್ನು ನಂಬದೆಯೂ ಹೊತ್ತುಕೊಂಡು ತಿರುಗಿದ್ದಳು. ಅದು ಸಮುದ್ರದ ಆಚೆ, ಹಿಮ ಬೀಳುವ ಊರಲ್ಲಿ, ಕಸ್ತೂರಿಬಾಯಿಯ ಹೆಸರೂ ಕೇಳದ ಹೆಂಗಸಿನ ಹೊಟ್ಟೆಯಿಂದಲೂ ಬಂದಿತ್ತು. ಅವಳಿಗೆ ನಗು ಬಂತು. ಸಂಗೂ ಕುರ್ಚಿಯ ಮೇಲೆ ಎದ್ದು ನಿಂತು, "ಅವ್ವಾ! ನನ್ನಂಗ ಅದಾನ! ನನ್ನಂಗಽ ಅದಾನ!" ಎಂದು ಕೂಗಿದಳು. ಹಿಂದಿನಿಂದ "ಶ್" ಎಂದರು. ಪಡದೆಯ ಮೇಲಿನ ಹುಡುಗ ಮೈಗೆ ಹಿಟ್ಟು ಹಚ್ಚಿಕೊಂಡು ತನ್ನ ಯಜಮಾನನ ಜೊತೆ ಜಗಳ ಆಡುತ್ತಿದ್ದ. ಅವನೇ ಮಾತಾಡುತ್ತಿದ್ದ, ಸಂಗೂನ ಹಾಗೆಯೇ ದಪ್ಪ ದನಿಯಲ್ಲಿ. ಅವನ ಮಾತಿನ ನಡುವೆ ಯಾರೂ ಬಾಯಿ ಹಾಕಲಿಲ್ಲ. ಅವನ ತಾಯಿ ಒಮ್ಮೆ ಮಾತ್ರ ಬಂದಳು, ಬಂದವಳು ಅವನ ಅಂಗಿಯ ಗುಂಡಿ ನೋಡಿ ಬೈದು ಹೋದಳು. ಅಳಲಿಲ್ಲ.

ಆಮೇಲೆ ಕೊಳಲು ಶುರುವಾಯಿತು. ಪಡದೆಯ ಮೇಲೆ ತಮ್ಮ ಮನೆ, ತಮ್ಮ ಹೊಸ್ತಿಲು. ಹೊಸ್ತಿಲ ಮೇಲೆ ಮೊಣಕಾಲಿಗೆ ಗಲ್ಲ ಹಚ್ಚಿ ಕೂತ ಸಂಗೂ. ಕ್ಯಾಮರಾ ಅವಳ ಮುಖದ ಹತ್ತಿರ ಹತ್ತಿರ ಹೋಯಿತು. ಎಲ್ಲ ನಿಧಾನ, ಅವಳು ರೆಪ್ಪೆ ಹೊಡೆದದ್ದೂ ನಿಧಾನ, ನಾಲಿಗೆಯಿಂದ ತುಟಿ ಸವರಿದ್ದೂ ನಿಧಾನ. ಕಣ್ಣು ತುಂಬ ಏನೋ ತಡೆಹಿಡಿದ ಸಂಕಟ. ಗಂಡಸಿನ ದನಿಯೊಂದು ಪುಸ್ತಕದ ಕನ್ನಡದಲ್ಲಿ, ಈ ಜೀವಕ್ಕೆ ನಾಳೆ ಎಂಬುದಿಲ್ಲ ಅಂದಿತು. ಕಸ್ತೂರಿಬಾಯಿ ಬಾಳೆಯ ಬುಟ್ಟಿ ಈಗ ಬಂದೀತು, ಈಗ ಬಂದೀತು ಎಂದು ಕಾದಳು. ಬುಟ್ಟಿ ಬರಲಿಲ್ಲ. ಅದರ ಬದಲಿಗೆ ಎಲ್ಲಿಂದಲೋ ಒಬ್ಬ ಹೆಂಗಸಿನ ಅಳು ಬಂತು.

"ಎಂಥಾ ಜಲ್ಮ ಕೊಟ್ಟೆಲ್ಲೋ ಶಿವನೇ... ಈ ಭಾರ ನನ್ನ ತಲಿಮ್ಯಾಲೆ ಹಾಕಿದೆಲ್ಲೋ... ನಾ ಇನ್ನ ಹೆಂಗ ಹೊರಲೋ ನನ್ನ ತಂದೀ... ಹೊಟ್ಟ್ಯಾಗ ಕೆಂಡ ಸುರುವಿದೆಲ್ಲೋ..."

ಯಾರಿದು ಪಾಪ, ಎಂಥ ಅಳು ಅಳುತ್ತಾಳೆ ಎಂದುಕೊಂಡಳು ಕಸ್ತೂರಿಬಾಯಿ. ಒಂದು ಕ್ಷಣ ಹಾಗೇ ಅಂದುಕೊಂಡಳು. ಆಮೇಲೆ ಪಡದೆಯ ಮೇಲೆ ಸೆರಗು ಮುಖದ ಮೇಲೆ ಎಳೆದುಕೊಂಡು ಹಿಂದೆ ಮುಂದೆ ತೂಗುತ್ತ ಕೂತ ಹೆಂಗಸು ಬಂದಳು, ಮುಂಗೈಯ ಹಚ್ಚೆ ಕಂಡಿತು, ತನ್ನದೇ ಹಚ್ಚೆ.

ಆ ದಿನ ಶಹಾಬಾದಿನಿಂದ ನಾದಿನಿ ಬಂದಿದ್ದಳು, ತಾಯಿಯ ಮಣ್ಣಿಗೆ ಸಿಗದವಳು. ಸಾವಾದ ಮನೆಗೆ ಮೊದಲ ಸಲ ಬಂದವರು ಹೊಸ್ತಿಲ ಒಳಗೆ ಕಾಲಿಡುತ್ತಲೇ ಮನೆಯ ಹೆಣ್ಣುಮಕ್ಕಳು ಅವರ ಕೊರಳು ತಬ್ಬಿ ಕೂತು ಹಾಡ್ಯಾಡಿ ಅಳಬೇಕು. ಸತ್ತವರ ಗುಣ ಎಣಿಸಿ, ಶಿವನನ್ನು ಬೈದು, ತನ್ನ ಹಣೆಬರಹ ಬೈದು, ದನಿ ಎತ್ತಿ, ರಾಗ ಹಿಡಿದು. ಅಳದಿದ್ದರೆ ಸೊಸೆ ಕಲ್ಲೆದೆಯವಳು ಅನ್ನುತ್ತಾರೆ. ಏನೇನು ಅಂದೆ ಎಂದು ಅತ್ತವರಿಗೆ ಆಮೇಲೆ ನೆನಪಿರುವುದಿಲ್ಲ, ಕೇಳಿದವರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಅದು ನೀರಿನ ಹಾಗೆ ಹರಿದು ಹೋಗಲಿಕ್ಕೇ ಇರುವ ಮಾತು. ಆ ಹೊತ್ತಿಗೆ ಕ್ಯಾಮರಾ ಅಂಗಳದಲ್ಲಿತ್ತು ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಅವರು ಮರೆತಿರಲಿಲ್ಲ. ನಾದಿನಿ ಇಲ್ಲ ಪಡದೆಯ ಮೇಲೆ. ಅತ್ತೆಯ ಹೆಸರಿಲ್ಲ. ಅತ್ತೀ ಎಂದು ಕರೆದ ಕಡೆಯಲ್ಲೆಲ್ಲ ಕೊಳಲು ಊದಿದ್ದಾರೆ. ಉಳಿದದ್ದು ಅಳು, ಮತ್ತು ಅಳುವಿನ ಕೆಳಗೆ ಸಂಗೂನ ಮುಖ.

ಪುಣೆಯ ಮಾಸ್ತರ ಯಾತಕ್ಕೆ ಅತ್ತನೆಂದು ಈಗ ತಿಳಿಯಿತು, ತಿಳಿದದ್ದೇ ಅವಳಿಗೆ ಹೆದರಿಕೆ. ಯಾಕೆಂದರೆ ಅಳುವಿನೊಳಗಿನ ಆ ಭಾರ ಅತ್ತೆ ಸತ್ತದ್ದರದಷ್ಟೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಸತ್ತವರ ಹೆಸರು ಹಿಡಿದು ಅಳುವಾಗ ಯಾವ ಹೆಂಗಸು ಸತ್ತವರಿಗಷ್ಟೇ ಅಳುತ್ತಾಳೆ? ತವರು ನೆನೆದು ಅಳುತ್ತಾಳೆ, ಗಂಡನ ಏಟು ನೆನೆದು ಅಳುತ್ತಾಳೆ. ತಾನೂ ಅತ್ತಿದ್ದಳು: ಇನ್ನು ಮೇಲೆ ಸಂಗೂನ ತಲೆ ಯಾರು ಹಿಕ್ಕಬೇಕು, ಯಾರು ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಕು, ನಾನು ಹೋದ ದಿನ ಯಾರು. ಗೋಡೆಗೆ ಹೊರಳಿ ಮಲಗಿದ್ದೂ ಆ ಅಳುವಿನಲ್ಲಿತ್ತೋ ಏನೋ, ಜ್ವರದ ದಿನದ ಮಾತೂ ಇತ್ತೋ ಏನೋ. ಇದ್ದೀತು. ಇದ್ದರೆ ಏನಾಯಿತು? ಅದು ನನ್ನ ಹೊಟ್ಟೆಯದು. ಅತ್ತೆಗೆ ಗೊತ್ತಿತ್ತು, ಅತ್ತೆ ಅದನ್ನು ಒಯ್ದಳು. ಇವನು ಯಾರು, ಕಡ ಕೇಳದೆ ಒಲೆಯೊಳಗಿನ ಕೆಂಡ ಎತ್ತಿಕೊಂಡು ಹೋಗಿ ಓಣಿಯಲ್ಲಿ ಇಟ್ಟವನು?

"ಅವ್ವಾ" ಅಂದಳು ಸಂಗೂ ಕತ್ತಲಲ್ಲಿ. ಅವಳ ದನಿ ಸಣ್ಣದಾಗಿತ್ತು. "ನನಗ್ಯಾಕ ಅಳಾಕತ್ತಿ? ನಾ ಏನ್ ಮಾಡೀನಿ?"

ಅಷ್ಟೇ. ಆ ಮಾತು ಕೇಳಿದ ಮೇಲೆ ಕಸ್ತೂರಿಬಾಯಿಗೆ ಕುರ್ಚಿಯಲ್ಲಿ ಕೂಡಲು ಆಗಲಿಲ್ಲ. ಇದು ಟಿವಿಯಲ್ಲಿ ಬಂದರೆ, ಅಂಗಳ ಅಂಗಳದಲ್ಲಿ ಚಾಪೆ ಹಾಸಿಕೊಂಡು ಊರು ನೋಡಿದರೆ, ಊರು ಏನಾದರೂ ಅಂದುಕೊಳ್ಳಲಿ, ಸಂಗೂ ನಂಬುತ್ತಾಳೆ. ನಂಬಿ, ಬುಟ್ಟಿ ಹೊರುವಾಗಲೂ ಉಣ್ಣುವಾಗಲೂ ತಾಯಿಯ ಮುಖ ನೋಡುತ್ತಾಳೆ. ಅವಳು ಎದ್ದಳು. ಎದ್ದು ಪಡದೆಯ ಮುಂದೆ ಹೋಗಿ ನಿಂತಳು. ಯಂತ್ರದ ಬೆಳಕು ಕಣ್ಣಿಗೆ ಚುಚ್ಚಿತು, ಸಂಗೂನ ದೊಡ್ಡ ಮುಖ ಅವಳ ಸೀರೆಯ ಮೇಲೆ ಬಿದ್ದು ಮುರಿಯಿತು.

"ಕೂಡ್ರಬೇ, ಏ!" "ಯಾರ್ರೀ ಅದು, ಅಡ್ಡ ಬಂದದ್ದು?"

"ಬಂದ್ ಮಾಡ್ರಿ ಇದನ್ನ."

ಸಲಾವುದ್ದೀನ್ ಏನೋ ಒತ್ತಿದ. ಚಿತ್ರ ನಡುಗುತ್ತ ನಿಂತಿತು. ಯಾರೋ ಒಂದು ದೀಪ ಹಾಕಿದರು. ವಾಸುದೇವ ಓಡಿಬಂದ, ಕೊರಳಿಗೆ ಜೋಳಿಗೆ, ಮುಖದ ತುಂಬ ಗಾಬರಿ. ಕೆಟ್ಟ ಹುಡುಗನಲ್ಲ ಅವನೂ. ಸಂಗೂನ ಕೈಯಿಂದ ರೊಟ್ಟಿ ಇಸಿದುಕೊಂಡು ತಿಂದವನು. "ಏನಾತ್ರೀ ಅಕ್ಕಾರ? ಆರಾಮ ಇಲ್ಲೇನು?"

"ಈ ಅಳು ಯಾರಿಗಿ ಅತ್ತದ್ದು?"

"ಅದು... ನಿಮ್ಮ ಮಗಳಿಗಿ..."

"ನಮ್ಮ ಅತ್ತೀಗಿ! ಸತ್ತವಳಿಗಿ! ಹಾಡ್ಯಾಡಿ ಅತ್ತದ್ದದು, ತಮ್ಮಾ. ಹೆಣದ ಮನಿ ಅಳು. ಅದನ್ನ ತಂದು ಜೀವಂತ ಇದ್ದವಳ ಮಾರೀಮ್ಯಾಲೆ ಹಾಕೀದಿ."

ವಾಸುದೇವನಿಗೆ ತಿಳಿಯಿತೋ ಇಲ್ಲವೋ. ಅವರ ಮನೆಗಳಲ್ಲಿ ಸತ್ತರೆ ಬಾಯಿ ಮುಚ್ಚಿಕೊಂಡು ಅಳುತ್ತಾರೆ. ಅವನು ಒಂದು ಹೆಜ್ಜೆ ಹತ್ತಿರ ಬಂದು ಮೆತ್ತಗೆ ಹೇಳತೊಡಗಿದ. ಅಳು ಯಾವುದಾದರೇನು ಅಕ್ಕಾರ, ನೋವು ಒಂದೇ ಅಲ್ಲವೇ. ಜನರ ಮನಸ್ಸು ಕರಗದೆ ಇಂಥ ಮಕ್ಕಳಿಗೆ ಒಂದು ಸಾಲಿ ಬರುವುದಿಲ್ಲ. ಆ ಬಿಳಿ ಹುಡುಗನ ಹಾಗೆ ನಗಿಸಿದರೆ ನಮ್ಮ ಮಂದಿ ನಕ್ಕು ಮನೆಗೆ ಹೋಗುತ್ತಾರೆ, ಅಷ್ಟೇ. ಟಿವಿಯವರು ಒಪ್ಪಿದ್ದಾರೆ, ಈಗ ಬದಲಿಸಲು ಬರುವುದಿಲ್ಲ. "ನಿಮ್ಮ ಅಳುನೇ ಈ ಪಿಕ್ಚರಿನ ಜೀವ ಅದರಿ."

"ಜೀವ?" ಅಂದಳು ಕಸ್ತೂರಿಬಾಯಿ.

ಮುಂದಿನದನ್ನು ಅವಳು ಯೋಚಿಸಿ ಮಾಡಲಿಲ್ಲ. ಪಡದೆಯ ಕೆಳಗೆ ನೆಲದ ಮೇಲೆ ಕೂತು, ಸೆರಗು ಮುಖದ ಮೇಲೆ ಎಳೆದುಕೊಂಡು, ಎದೆಯಿಂದ ದನಿ ತೆಗೆದಳು.

"ಅಯ್ಯೋ ನನ್ನ ವಾಸುದೇವಾ... ಬಡಿಸಿದ ತಾಟು ಹಂಗೇ ಬಿಟ್ಟು ಹೋದೆಲ್ಲೋ ನನ್ನ ಮಗನೇ... ಹಡೆದವ್ವನ ಎದಿಮ್ಯಾಲೆ ಬಂಡಿ ಹೊಡದೆಲ್ಲೋ... ಎಳೀ ಜೀವಾ, ಮೀಸಿ ಬಲಿತಿದ್ದಿಲ್ಲೋ, ಮಣ್ಣಾಗ ಹೆಂಗ ಮಲಗಿದೆಲ್ಲೋ..."

ಆ ರಾಗ ಯಾತರದು ಎಂದು ಹಿಂದೆ ಕೂತ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಒಬ್ಬಿಬ್ಬರು ಥಟ್ಟನೆ ಎದ್ದು ನಿಂತರು. ಗೊತ್ತಿಲ್ಲದವರಿಗೂ ಮೈ ಜುಮ್ಮೆಂದಿತು. ಇಂದೂಬಾಯಿ ಕುರ್ಚಿ ಕೆಡವಿಕೊಂಡು ಓಡಿಬಂದಳು. "ಏ! ಏ! ಬಿಡ್ತು ಅನ್ರೀ! ಬಾಯಿ ಮುಚ್ಚಸ್ರೀ ಯಾರಾದ್ರೂ ಆಕೀದು! ಏನ್ ಅನಿಷ್ಟ ಬಾಯಿ ಇದು! ನನ್ನ ಮಗ ಇಲ್ಲೇ ನಿಂತಾನ, ಕಣ್ಣ ಕಾಣಂಗಿಲ್ಲೇನು? ಜೀವಂತ ಇದ್ದಾನ!" ಮಗನನ್ನು ಹಿಡಿದು ಎಳೆದು, ಅವನ ಎದೆ, ಭುಜ, ಮುಖ ಸವರಿ ನೋಡಿದಳು, ನಿಜವಾಗಿ ಇದ್ದಾನೋ ಇಲ್ಲವೋ ಎಂಬಂತೆ.

ಕಸ್ತೂರಿಬಾಯಿ ಸೆರಗು ಸರಿಸಿದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ. "ಹೌದ್ರಿ" ಅಂದಳು. "ನನ್ನ ಮಗಳೂ ಜೀವಂತ ಇದ್ದಾಳ."

ಇಂದೂಬಾಯಿಯ ಕೈ ಇನ್ನೂ ಮಗನ ಅಂಗಿಯನ್ನು ಬಿಟ್ಟಿರಲಿಲ್ಲ. ಅವಳು ಪಡದೆಯ ಮೇಲೆ ನಡುಗುತ್ತ ನಿಂತಿದ್ದ ಮುಖವನ್ನು ನೋಡಿದಳು, ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕೂತವಳನ್ನು ನೋಡಿದಳು. "ತಗದ ಹಾಕು ಅದನ್ನ" ಅಂದಳು ಮಗನಿಗೆ.

"ಅಮ್ಮಾ, ನಿನಗ ತಿಳಿಯಂಗಿಲ್ಲ. ಅದನ್ನ ತಗದ್ರ ಉಳೀತದೇನು ಇದರಾಗ?"

"ಏನರೆ ಉಳೀಲಿ, ಬಿಡಲಿ. ನನ್ನ ಹೊಟ್ಟ್ಯಾಗ ಹುಟ್ಟಿದವ ಆದ್ರ ತಗದ ಹಾಕು."

"ತಗೀಲಿಲ್ಲಂದ್ರ" ಅಂದಳು ಕಸ್ತೂರಿಬಾಯಿ ನೆಲದಿಂದ ಏಳುತ್ತ, ಮೊಣಕಾಲು ಝಾಡಿಸಿಕೊಳ್ಳುತ್ತ, "ಟಿವಿಯವರ ಬಾಗಲದಾಗ ಕುಂತು ಅಳತೀನಿ. ಒಬ್ಬೊಬ್ಬರದೂ ಹೆಸರು ಹಿಡದು. ನಮ್ಮೂರ ಹೆಣ್ಮಕ್ಕಳನ್ನೂ ಕರಕೊಂಡು ಬರ್ತೀನಿ. ಅವರಿಗೆ ನನಕಿಂತ ಛಲೋ ರಾಗ ಬರ್ತದ."

ಹಿಂದಿನಿಂದ ಸಲಾವುದ್ದೀನ್, "ಯಾ ಅಲ್ಲಾ, ನಂದು ಹೆಸರು ಹಿಡೀಬ್ಯಾಡ್ರಿ ಅಮ್ಮಾ, ನಾ ಬರೇ ವೈರ್ ಜೋಡಿಸಾಂವ" ಅಂದ. ಯಾರೋ ನಕ್ಕರು. ವಾಸುದೇವ ತಲೆ ಕೆಳಗೆ ಹಾಕಿ ಮೇಜಿನ ಅಂಚಿಗೆ ಕೂತುಬಿಟ್ಟ. "ತಗೀತೀನಿ" ಅಂದ. ಅಂದದ್ದು ತಾಯಿಗೋ, ಇವಳಿಗೋ. ಆಮೇಲೆ ಸಣ್ಣ ಮಗುವಿನ ಹಾಗೆ, "ಖಾಲಿ ಚಿತ್ರ ಅಷ್ಟೇ ಉಳೀತದ ನೋಡ್ರಿ" ಅಂದ.

"ಉಳದದ್ದು ನೋಡೋಣಲ್ಲ. ಆವಾಜ್ ಬಂದ್ ಮಾಡಿ ಹಚ್ಚರಿ. ನಾ ಹೇಳ್ತೀನಿ ಏನದ ಅದರಾಗ."

ದೀಪ ಮತ್ತೆ ಆರಿತು. ಈ ಸಲ ಕೊಳಲಿಲ್ಲ, ಗಂಡಸಿನ ದನಿ ಇಲ್ಲ, ಯಂತ್ರದ ಗುಂಯ್ ಎಂಬ ಸದ್ದೊಂದೇ. ಹೊಸ್ತಿಲು. ಸಂಗೂ. ಕಸ್ತೂರಿಬಾಯಿ ಪಡದೆಯ ಬದಿಗೆ ನಿಂತು ಕೈ ಎತ್ತಿ, ಸಾಲಿಯ ಮಾಸ್ತರ ನಕಾಶೆ ತೋರಿಸುವ ಹಾಗೆ ತೋರಿಸಿದಳು. ಮಾತು ಎದೆಯ ತನಕ ಬಂದು ನಿಂತಿತ್ತು: ಎಷ್ಟು ವರ್ಷದ ಮಾತು, ಯಾರೂ ಕೇಳದ ಮಾತು. "ಇಕಿ ನನ್ನ ಮಗಳು ಸಂಗಮ್ಮ. ಇಲ್ಲಿ ಇಕಿ ಯಾಕ ಹಿಂಗ ಕುಂತಾಳಂದ್ರ, ನಮ್ಮ ಅತ್ತಿ ಸತ್ತ ಮ್ಯಾಲೆ ಇಕಿ ಮನಸಿನ್ಯಾಗ..."

"ಸುಳ್ಳ!"

ಸಂಗೂ ಎದ್ದು ಬಂದಿದ್ದಳು. ಹಾರ ತೆಗೆದು ಕುರ್ಚಿಯ ಮೇಲೆ ಇಟ್ಟು ಬಂದಿದ್ದಳು. ತಾಯಿಯ ಎದುರಿಗೆ ನಿಂತು, ಸೊಂಟದ ಮೇಲೆ ಕೈ ಇಟ್ಟು, ತಲೆ ಎತ್ತಿ, "ನಿನಗೇನ್ ಗೊತ್ತದ? ನೀ ಸುಮ್ಮ ಕೂಡ್ರು. ಅಲ್ಲಿ ಕುಂತಾಕಿ ನಾ" ಅಂದಳು.

ಸಭೆಗೆ ತಿಳಿಯಲಿಲ್ಲ. ಕಸ್ತೂರಿಬಾಯಿಗೆ ತಿಳಿಯಿತು, ಕಪಾಳಕ್ಕೆ ಬಿದ್ದ ಹಾಗೆ ತಿಳಿಯಿತು. ಒಂದು ಕ್ಷಣ ಅವಳಿಗೆ ಮಗಳ ಮೇಲೆಯೇ ಸಿಟ್ಟು ಏರಿತು: ನಿನಗಾಗಿ ಇಷ್ಟು ಮಂದಿಯ ಮುಂದೆ ಮಾನ ಬಿಟ್ಟು ನೆಲಕ್ಕೆ ಕೂತವಳು ನಾನು. ವಾಸುದೇವನನ್ನು ನೋಡಿದಳು, ಅವನು ನೋಡುತ್ತಿದ್ದ. ಅವನ ಮುಖದಲ್ಲಿ, ಸಂಗೂನ ಬದಲು ತಾನೇ ಹೇಳಹೊರಟ ತನ್ನದೇ ಮುಖ ಕಂಡಂತಾಗಿ, ಬಾಯಲ್ಲಿದ್ದ ಮಾತನ್ನು ನುಂಗಿದಳು. ಮುಂದಿನ ಸಾಲಿಗೆ ಹೋಗಿ ಕೂತಳು, ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡು.

ಸಂಗೂ ಪಡದೆಯ ಕಡೆ ಹೊರಳಿ ತನ್ನ ದೊಡ್ಡ ಮುಖವನ್ನು ಚೆನ್ನಾಗಿ ನೋಡಿದಳು. ಆ ಸಂಕಟದ ಕಣ್ಣು, ಆ ನಿಧಾನದ ರೆಪ್ಪೆ. ಬೆರಳು ಮಾಡಿ, ಬೆರಳನ್ನು ಹಾಗೆಯೇ ವಾಸುದೇವನ ಕಡೆ ತಿರುಗಿಸಿ, ಬಸ್ಸಿನ ಕಿಟಕಿಗೆ ಕೂಗುವ ದನಿಯಲ್ಲಿ ಹೇಳಿದಳು:

"ಒಂದಕ್ಕ ಬಂದಿತ್ತು! ಇಂವ ಏಳಗೊಡಲಿಲ್ಲ! ಕೂಡ್ರು ಕೂಡ್ರು ಅಂದ, ಬಿಸಿಲು ಬರಲಿ ಅಂದ. ನಾ ಹಿಡಕೊಂಡು ಕುಂತೀನಿ. ನೋಡ್ರಿ, ನೋಡ್ರಿ, ಈಗ ಭಾಳ ಬಂದದ!"

ಕಸ್ತೂರಿಬಾಯಿಯ ಹೊಟ್ಟೆಯ ಬುಡದಿಂದ ನಗು ಎದ್ದು ಬಂತು. ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡಳು. ಹಿಂದಿನ ಕುರ್ಚಿಯ ಕನ್ನಡಕದ ಗಂಡಸು ಮುಂದಕ್ಕೆ ಬಾಗಿ, ಅವಳ ಕಿವಿಯ ಹತ್ತಿರ, "ಏನಂದ್ಲರೀ? ಏನಂತಾಳ ಆಕಿ?" ಎಂದು ಕೇಳಿದ. ಸುತ್ತಲಿನವರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ನನ್ನ ಯಾಕ ಕೇಳ್ತೀರಿ?" ಅಂದಳು ಕಸ್ತೂರಿಬಾಯಿ. "ಆಕಿ ನಿಂತಾಳಲ್ಲ. ಆಕೀನ್ನ ಕೇಳ್ರಿ."

ಗಂಡಸು ಕೆಮ್ಮಿದ. ಅತ್ತಿತ್ತ ನೋಡಿದ. ಕೊನೆಗೆ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, "ಏನಂದೀವಾ, ತಂಗೀ? ತಿಳೀಲಿಲ್ಲ, ಇನ್ನೊಮ್ಮೆ ಹೇಳು" ಅಂದ.

ಸಂಗೂ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಒಂದು ಉಸಿರು ಬಿಟ್ಟು, ತಿಳಿವಳಿಕೆ ಕಡಿಮೆ ಇದ್ದವರಿಗೆ ಹೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ, ನಿಧಾನವಾಗಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.